ಕಡಲಾಮೆಯ ಹೊಟ್ಟೆಯಲ್ಲಿ ನಮ್ಮ ಪ್ಲಾಸ್ಟಿಕ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಕಡಲಾಮೆ ಮೊಟ್ಟೆ ಇಡುವ ಬಗ್ಗೆ ಒಂದು ಚಿಕ್ಕ ಟಿಪ್ಪಣಿ ಬಂದಿತ್ತು. ಅದರ ಕೊನೆಯಲ್ಲಿ ಪ್ಲಾಸ್ಟಿಕ್ ಬಗ್ಗೆ ಎರಡೇ ಸಾಲು ಇತ್ತು. ಬಂದ ಪತ್ರಗಳೆಲ್ಲ ಆ ಎರಡು ಸಾಲನ್ನೇ ಹಿಡಿದುಕೊಂಡಿವೆ. ಹಾಗಾಗಿ ಈ ಸಲದ ಪ್ರಶ್ನೋತ್ತರ ಪೂರ್ತಿ ಅದಕ್ಕೇ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿದ್ದೇವೆ, ಉದ್ದ ಪತ್ರಗಳನ್ನು ಸ್ವಲ್ಪ ಮೊಟಕು ಮಾಡಿದ್ದೇವೆ.

ಪ್ರಶ್ನೆ: ಜೆಲ್ಲಿ ಮೀನು ಅಂದುಕೊಂಡು ಕಡಲಾಮೆ ಪ್ಲಾಸ್ಟಿಕ್ ಚೀಲ ನುಂಗುತ್ತದೆ ಅಂತ ಎಲ್ಲ ಕಡೆ ಓದಿದ್ದೇನೆ. ಅಷ್ಟೊಂದು ಕಾಲದಿಂದ ಕಡಲಲ್ಲೇ ಬದುಕಿರುವ ಪ್ರಾಣಿಗೆ ಇಷ್ಟೂ ಗೊತ್ತಾಗಲ್ವಾ? ಅದರ ಕಣ್ಣು ಮಂದವಾ? (ಪಿಯುಸಿ ವಿದ್ಯಾರ್ಥಿನಿ, ಶಿರಸಿ)

ಕಣ್ಣು ಮಂದ ಅಲ್ಲ. ನೀರಿನೊಳಗೆ ಕಡಲಾಮೆಗೆ ಚೆನ್ನಾಗಿಯೇ ಕಾಣುತ್ತದೆ, ಬಣ್ಣವೂ ಗೊತ್ತಾಗುತ್ತದೆ. ತೊಂದರೆ ಬೇರೆ ಇದೆ. ಕಡಲಾಮೆಗಳು ಈ ಭೂಮಿಯ ಮೇಲೆ 10 ಕೋಟಿ ವರ್ಷಕ್ಕಿಂತ ಜಾಸ್ತಿ ಕಾಲದಿಂದ ಇವೆ. ಅಷ್ಟೂ ಕಾಲ ಕಡಲಲ್ಲಿ ತೆಳ್ಳಗೆ, ಮೆತ್ತಗೆ, ಬೆಳಕು ಹಾಯುವಂತೆ ತೇಲುತ್ತಿದ್ದದ್ದು ಹೆಚ್ಚಾಗಿ ಜೆಲ್ಲಿ ಮೀನೋ ಅದರ ಜಾತಿಯದ್ದೋ ಆಗಿರುತ್ತಿತ್ತು, ಅಂದರೆ ತಿನ್ನಬಹುದಾದದ್ದೇ. ಪ್ಲಾಸ್ಟಿಕ್ ಚೀಲ ಬಂದು ನೂರು ವರ್ಷವೂ ಆಗಿಲ್ಲ. ಇದನ್ನು ಬಿಡಬೇಕು, ಅದನ್ನು ತಿನ್ನಬೇಕು ಅಂತ ಕಲಿಯುವುದಕ್ಕೆ ಆ ಪ್ರಾಣಿಗೆ ಕಾಲವೇ ಸಿಕ್ಕಿಲ್ಲ.

ಲೆದರ್‌ಬ್ಯಾಕ್ ಅಂತ ಒಂದು ಕಡಲಾಮೆ ಇದೆ. ಕಡಲಾಮೆಗಳಲ್ಲೆಲ್ಲ ದೊಡ್ಡದು, ಬೆನ್ನ ಮೇಲೆ ಗಟ್ಟಿ ಚಿಪ್ಪಿನ ಬದಲು ಚರ್ಮದಂಥ ಹೊದಿಕೆ ಇರುತ್ತದೆ. ಅದರ ಊಟ ಹೆಚ್ಚುಕಡಿಮೆ ಜೆಲ್ಲಿ ಮೀನು ಮಾತ್ರ. ಕೆನಡಾದ ಅಟ್ಲಾಂಟಿಕ್ ಕರಾವಳಿಯಲ್ಲಿ ಲೆದರ್‌ಬ್ಯಾಕ್‌ಗಳ ಬೆನ್ನಿಗೆ ಕ್ಯಾಮೆರಾ ಕಟ್ಟಿ ನೋಡಿದವರು, ಅದು ದಿನಕ್ಕೆ ಸರಾಸರಿ ತನ್ನ ತೂಕದ ಶೇ. 73ರಷ್ಟು ಜೆಲ್ಲಿ ಮೀನು ತಿನ್ನುತ್ತದೆ ಅಂತ 2012ರಲ್ಲಿ ಲೆಕ್ಕ ಕೊಟ್ಟರು. ಜೆಲ್ಲಿ ಮೀನಿನಲ್ಲಿ ಇರುವುದೆಲ್ಲ ನೀರು, ಹಾಗಾಗಿ ಅಷ್ಟು ತಿಂದರೇ ಹೊಟ್ಟೆ ತುಂಬುವುದು. ಆ ವೇಗದಲ್ಲಿ ತಿನ್ನುವ ಪ್ರಾಣಿ ಒಂದೊಂದನ್ನೂ ನಿಂತು ಪರೀಕ್ಷೆ ಮಾಡಲು ಆಗುವುದಿಲ್ಲ. 1885ರಿಂದ ಈಚೆಗೆ ದಾಖಲಾದ 408 ಲೆದರ್‌ಬ್ಯಾಕ್‌ಗಳ ಮರಣೋತ್ತರ ಪರೀಕ್ಷೆಯ ವರದಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮೂರರಲ್ಲಿ ಒಂದರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಇತ್ತು. ಪ್ಲಾಸ್ಟಿಕ್‌ನ ಮೊದಲ ದಾಖಲೆ 1968ರದ್ದು. ಅದಕ್ಕಿಂತ ಹಿಂದಿನ ವರದಿಗಳಲ್ಲಿ ಒಂದರಲ್ಲೂ ಇಲ್ಲ.

ಆದರೆ ಜೆಲ್ಲಿ ಮೀನಿನ ಕಥೆ ಅರ್ಧ ಮಾತ್ರ. ಹಸಿರು ಕಡಲಾಮೆ ದೊಡ್ಡದಾದ ಮೇಲೆ ಕಡಲ ಹುಲ್ಲು, ಪಾಚಿ ಮೇಯುತ್ತದೆ. ಸೈಪ್ರಸ್ ದ್ವೀಪದಲ್ಲಿ ಸತ್ತು ದಡಕ್ಕೆ ಬಂದ ಹಸಿರು ಕಡಲಾಮೆಗಳನ್ನು ಪರೀಕ್ಷಿಸಿದಾಗ, ಅವು ಸಿಕ್ಕಿದ್ದನ್ನೆಲ್ಲ ನುಂಗಿರಲಿಲ್ಲ. ಹಾಳೆಯ ಥರದ್ದು, ದಾರದ ಥರದ್ದು, ಅದರಲ್ಲೂ ಕಪ್ಪು, ಹಸಿರು, ಬಣ್ಣವಿಲ್ಲದ್ದು ಜಾಸ್ತಿ ಇತ್ತು. ಅಂದರೆ ಹುಲ್ಲಿನಂತೆ ಕಾಣುವುದನ್ನು ಆರಿಸಿಯೇ ತಿಂದಿದ್ದವು.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿದ್ದು. ಪ್ಲಾಸ್ಟಿಕ್ ನೀರಲ್ಲಿ ಕೆಲವು ವಾರ ಇದ್ದರೆ ಅದರ ಮೇಲೆ ಪಾಚಿ, ಸೂಕ್ಷ್ಮ ಜೀವಿಗಳು, ಪುಟ್ಟ ಚಿಪ್ಪಿನ ಪ್ರಾಣಿಗಳು ಅಂಟಿಕೊಳ್ಳುತ್ತವೆ. ಅವು ಅಂಟಿದ ಮೇಲೆ ಅದಕ್ಕೆ ಊಟದ ವಾಸನೆ ಬರುತ್ತದೆ. ಅಮೆರಿಕದಲ್ಲಿ 15 ಎಳೆಯ ಲಾಗರ್‌ಹೆಡ್ ಕಡಲಾಮೆಗಳನ್ನು ಇಟ್ಟುಕೊಂಡು ಒಂದು ಪ್ರಯೋಗ ಮಾಡಿದರು, ಫಲಿತಾಂಶ 2020ರಲ್ಲಿ ಬಂತು. ನೀರಿನ ಮೇಲಿನ ಗಾಳಿಗೆ ಕೊಳವೆಯಲ್ಲಿ ಬೇರೆ ಬೇರೆ ವಾಸನೆ ಬಿಟ್ಟರು: ಶುದ್ಧ ನೀರಿನದ್ದು, ತೊಳೆದ ಪ್ಲಾಸ್ಟಿಕ್‌ನದ್ದು, ಆಮೆಗಳು ದಿನಾ ತಿನ್ನುವ ಆಹಾರದ್ದು, ಮತ್ತು ಕಡಲಲ್ಲಿ ನೆನೆದು ಪಾಚಿ ಹತ್ತಿದ ಪ್ಲಾಸ್ಟಿಕ್‌ನದ್ದು. ಮೊದಲ ಎರಡಕ್ಕೆ ಆಮೆಗಳು ತಲೆ ಕೆಡಿಸಿಕೊಳ್ಳಲಿಲ್ಲ. ಕೊನೆಯ ಎರಡಕ್ಕೆ ಮೂಗನ್ನು ನೀರಿನ ಮೇಲೆ ಎತ್ತಿ ಊಟ ಹುಡುಕಲು ಶುರು ಮಾಡಿದವು, ಮತ್ತು ಎರಡಕ್ಕೂ ಒಂದೇ ಥರ.

ಹಾಗಾಗಿ ಕಡಲಾಮೆ ದಡ್ಡ ಅಂತ ದಯವಿಟ್ಟು ಯಾರೂ ಅಂದುಕೊಳ್ಳಬೇಡಿ. ಅದರ ಕಣ್ಣು, ಮೂಗು ಎರಡೂ ಸರಿಯಾಗಿಯೇ ಕೆಲಸ ಮಾಡುತ್ತಿವೆ. ಕಡಲಿಗೆ ನಾವು ಸೇರಿಸಿದ ವಸ್ತುವೇ ಆ ಕಣ್ಣಿಗೂ ಮೂಗಿಗೂ ಊಟದಂತೆ ಇದೆ.

ಪ್ರಶ್ನೆ: ನಮ್ಮೂರಲ್ಲಿ ಬೀದಿ ದನಗಳು ದಿನಾ ಪ್ಲಾಸ್ಟಿಕ್ ತಿನ್ನುತ್ತವೆ, ಓಡಾಡಿಕೊಂಡೂ ಇವೆ. ಕಡಲಾಮೆ ನುಂಗಿದ್ದು ಸೆಗಣಿಯ ಜೊತೆ ಹೊರಗೆ ಹೋಗುವುದಿಲ್ಲವೇ? ಇಲ್ಲಾ ವಾಂತಿ ಮಾಡಬಹುದಲ್ಲ? (ಹೈನುಗಾರರು, ಹಾವೇರಿ ಜಿಲ್ಲೆ)

ಮೊದಲು ದನದ ಮಾತು. ಓಡಾಡಿಕೊಂಡಿರುವ ದನ ಆರೋಗ್ಯವಾಗಿದೆ ಅಂತ ಅಲ್ಲ. ಬೀದಿ ದನಗಳ ಹೊಟ್ಟೆ ಕೊಯ್ದು ಹತ್ತಾರು ಕಿಲೋ ಪ್ಲಾಸ್ಟಿಕ್ ತೆಗೆದ ಪಶುವೈದ್ಯರು ನಮ್ಮ ರಾಜ್ಯದಲ್ಲೇ ಇದ್ದಾರೆ. ನಿಮಗೆ ಗೊತ್ತಿರುತ್ತದೆ.

ಇನ್ನು ವಾಂತಿ. ಕಡಲಾಮೆಗೆ ಅದು ಆಗದ ಕೆಲಸ, ಯಾಕೆಂದರೆ ಅದರ ಗಂಟಲಿನ ರಚನೆಯೇ ಹಾಗಿದೆ. ಬಾಯಲ್ಲಿ ಹಲ್ಲಿಲ್ಲ, ಗಿಳಿಯಂಥ ಗಟ್ಟಿ ಕೊಕ್ಕು ಇರುತ್ತದೆ. ಬಾಯಿಂದ ಹೊಟ್ಟೆಯವರೆಗಿನ ಅನ್ನನಾಳದ ತುಂಬ ಮುಳ್ಳುಗಳು. ನಮ್ಮ ಉಗುರಿನಲ್ಲಿರುವ ವಸ್ತುವೇ ಆ ಮುಳ್ಳಿನ ಮೇಲೂ ಇರುತ್ತದೆ, ಮತ್ತು ಎಲ್ಲ ಮುಳ್ಳುಗಳ ಮೊನೆಯೂ ಹೊಟ್ಟೆಯ ಕಡೆಗೇ ತಿರುಗಿರುತ್ತದೆ. ಮಳೆಗಾಲದಲ್ಲಿ ಗದ್ದೆ ಪಕ್ಕದ ಹಳ್ಳಕ್ಕೆ ಮೀನಿಗೆಂದು ಇಡುವ ಬಿದಿರಿನ ಕೂಳಿ ನೋಡಿದ್ದೀರಲ್ಲ, ಒಳಗೆ ಹೋಗಲು ದಾರಿ ಉಂಟು, ವಾಪಸ್ ಬರಲು ಕಡ್ಡಿ ಚುಚ್ಚುತ್ತದೆ, ಅದೇ ಲೆಕ್ಕ. ಆಹಾರದ ಜೊತೆ ಉಪ್ಪು ನೀರೂ ಒಳಗೆ ಬರುತ್ತದಲ್ಲ, ಕಡಲಾಮೆ ಗಂಟಲನ್ನು ಬಿಗಿದು ಆ ನೀರನ್ನು ಮಾತ್ರ ಹೊರಗೆ ತಳ್ಳುತ್ತದೆ. ಆಗ ಜಾರುವ ಜೆಲ್ಲಿ ಮೀನು ತಪ್ಪಿಸಿಕೊಳ್ಳದಂತೆ ಹಿಡಿಯುವುದು ಈ ಮುಳ್ಳುಗಳು. ಇಂಥ ಚೆಂದದ ವ್ಯವಸ್ಥೆ ಇರುವುದರಿಂದಲೇ ಪ್ಲಾಸ್ಟಿಕ್ ಒಮ್ಮೆ ಗಂಟಲಿಗೆ ಇಳಿದರೆ ಮತ್ತೆ ಬಾಯಿಗೆ ಬರುವುದಿಲ್ಲ.

ಸೆಗಣಿಯ ದಾರಿ ಇದೆ, ನಿಮ್ಮ ಮಾತು ನಿಜ. ಸಣ್ಣ ತುಂಡುಗಳು ಎಷ್ಟೋ ಸಲ ಹಾಗೆ ಹೊರಗೆ ಹೋಗುತ್ತವೆ. ಆದರೆ ಕಡಲಾಮೆಯದ್ದು ತಣ್ಣನೆ ರಕ್ತದ ದೇಹ, ಜೀರ್ಣವಾಗುವುದು ಬಹಳ ನಿಧಾನ. ತಿಂದದ್ದು ಆಚೆ ಬರಲು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬೇಕು. ಅಷ್ಟರಲ್ಲಿ ಇನ್ನೂ ಪ್ಲಾಸ್ಟಿಕ್ ಒಳಗೆ ಹೋಗಿರುತ್ತದೆ. ಚೂಪಾದ ತುಂಡು ಕರುಳನ್ನು ತೂತು ಮಾಡಬಹುದು. ಮೆತ್ತನೆಯ ಹಾಳೆ ಮುದುಡಿ ದಾರಿ ಮುಚ್ಚಬಹುದು. ದಾರವಾದರೆ ಕರುಳು ಅದರ ಸುತ್ತ ನೆರಿಗೆ ನೆರಿಗೆಯಾಗಿ ಸೇರಿಕೊಳ್ಳುತ್ತದೆ. ಮುಚ್ಚಿದ ಕರುಳಿನಲ್ಲಿ ಆಹಾರ ಕೊಳೆತು ಗ್ಯಾಸ್ ತುಂಬಿದರೆ ಆಮೆಗೆ ಮುಳುಗಲು ಆಗುವುದಿಲ್ಲ. ನೀರಿನ ಮೇಲೆಯೇ ತೇಲುತ್ತಾ ಇರುತ್ತದೆ. ಊಟ ಕೆಳಗೆ, ತಾನು ಮೇಲೆ. ಬಿಸಿಲು ಹೊಡೆಯುತ್ತದೆ, ದೋಣಿ ಬಂದು ಗುದ್ದಿದರೂ ತಪ್ಪಿಸಿಕೊಳ್ಳಲಾರದು.

ಇದ್ಯಾವುದೂ ಆಗದೆಯೂ ಸಾಯಬಹುದು. ಹೊಟ್ಟೆಯಲ್ಲಿ ಪ್ಲಾಸ್ಟಿಕ್ ತುಂಬಿಕೊಂಡರೆ ಹಸಿವು ಆಗುವುದಿಲ್ಲ, ಆದರೆ ಮೈಗೆ ಏನೂ ಹತ್ತುವುದಿಲ್ಲ. ದೊಡ್ಡ ಆಮೆ ಹೀಗೆ ಬಡಕಲಾಗುತ್ತಾ ತಿಂಗಳುಗಟ್ಟಲೆ ಬದುಕಿರಬಹುದು. ಹೊರಗಿನಿಂದ ನೋಡಿದವರಿಗೆ ಅದು ಈಜಾಡಿಕೊಂಡೇ ಇರುತ್ತದೆ, ನಿಮ್ಮೂರಿನ ದನದ ಥರವೇ.

ಪ್ರಶ್ನೆ: ಎಷ್ಟು ಪ್ಲಾಸ್ಟಿಕ್ ನುಂಗಿದರೆ ಸಾಯುತ್ತದೆ? ಇದಕ್ಕೆ ಏನಾದರೂ ಲೆಕ್ಕ ಇದೆಯೇ, ಅಥವಾ ಸುಮ್ನೆ ಹೆದರಿಸುತ್ತಾರೆಯೇ? (ನಿವೃತ್ತ ಗಣಿತ ಶಿಕ್ಷಕರು, ಧಾರವಾಡ)

ಲೆಕ್ಕ ಇದೆ ಸರ್. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ವಿಜ್ಞಾನಿಗಳು ಕ್ವೀನ್ಸ್‌ಲ್ಯಾಂಡ್ ಕರಾವಳಿಯಲ್ಲಿ ಸಿಕ್ಕ ಸುಮಾರು ಸಾವಿರ ಕಡಲಾಮೆಗಳ ದಾಖಲೆ ಇಟ್ಟುಕೊಂಡು 2018ರಲ್ಲಿ ಒಂದು ಲೆಕ್ಕ ಕೊಟ್ಟರು. ಪ್ಲಾಸ್ಟಿಕ್‌ನಿಂದಲೇ ಸತ್ತವು ಯಾವುವು, ಪ್ಲಾಸ್ಟಿಕ್ ಹೊಟ್ಟೆಯಲ್ಲಿದ್ದರೂ ಬೇರೆ ಕಾರಣಕ್ಕೆ ಸತ್ತವು ಯಾವುವು ಅಂತ ಬೇರ್ಪಡಿಸಿ, ತುಂಡುಗಳನ್ನು ಎಣಿಸಿ ಹೋಲಿಸಿದರು. ಒಂದೇ ಒಂದು ತುಂಡು ನುಂಗಿದ ಕಡಲಾಮೆ ಅದರಿಂದಲೇ ಸಾಯುವ ಸಂಭವ ಶೇ. 22. ತುಂಡುಗಳು 14 ಆದಾಗ ಶೇ. 50. ಅವರು ನೋಡಿದ ಒಂದು ಆಮೆಯ ಹೊಟ್ಟೆಯಲ್ಲಿ 329 ತುಂಡು ಇದ್ದವು.

ನೀವು ಗಣಿತದವರು, ಹಾಗಾಗಿ ಒಂದು ಮಾತು ಸೇರಿಸುತ್ತೇನೆ. ಇದು ಸರಾಸರಿ ಸಂಭವ. ಅಂಗೈಯಗಲದ ಹಾಳೆಯೂ ಒಂದು ತುಂಡೇ, ಅಕ್ಕಿ ಕಾಳಿನಷ್ಟು ಚೂರೂ ಒಂದು ತುಂಡೇ. ಯಾವುದು ಎಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಒಂದು ತುಂಡಿಗೆ ಶೇ. 22 ಬರುವುದು ಅದಕ್ಕೇ.

ಅದಕ್ಕಿಂತ ಮೊದಲು ಅದೇ ದೇಶದವರು ಮಾಡಿದ ಇನ್ನೊಂದು ಅಂದಾಜಿನ ಪ್ರಕಾರ ಪ್ರಪಂಚದ ಕಡಲಾಮೆಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಶೇ. 52ರವರೆಗೆ, ಪ್ಲಾಸ್ಟಿಕ್ ಅಥವಾ ಅಂಥ ಕಸ ತಿಂದಿರಬಹುದು. ಹೆಚ್ಚು ಅಪಾಯದಲ್ಲಿರುವುದು ಆಲಿವ್ ರಿಡ್ಲೆ ಅಂತಲೂ ಅವರು ಹೇಳಿದರು. ಈ ಹೆಸರು ನಮ್ಮ ಕರಾವಳಿಯವರಿಗೆ ಹೊಸದಲ್ಲ. ಒಡಿಶಾದ ಗಹಿರ್ಮಾತಾ, ಋಷಿಕುಲ್ಯದಲ್ಲಿ ಲಕ್ಷಗಟ್ಟಲೆ ಬಂದು ಮೊಟ್ಟೆ ಇಡುವುದೂ ಅದೇ, ಚಳಿಗಾಲದಲ್ಲಿ ಹೊನ್ನಾವರ, ಕಾರವಾರ, ಮಂಗಳೂರಿನ ಸಸಿಹಿತ್ಲು ಕಡೆ ಒಂದೊಂದಾಗಿ ದಡ ಹತ್ತುವುದೂ ಅದೇ.

ಪ್ರಶ್ನೆ: ಆಮೆ ಮರಿಗಳೂ ಪ್ಲಾಸ್ಟಿಕ್ ತಿನ್ನುತ್ತವಾ? ಅವಕ್ಕೆ ಅಮ್ಮ ಹೇಳಿಕೊಡಲ್ವಾ? (6ನೇ ತರಗತಿ, ಪುತ್ತೂರು)

ಪುಟ್ಟಾ, ಆಮೆ ಮರಿಗೆ ಅಮ್ಮ ಸಿಗುವುದೇ ಇಲ್ಲ. ಅಮ್ಮ ಮರಳಲ್ಲಿ ಗುಂಡಿ ತೋಡಿ ನೂರರಷ್ಟು ಮೊಟ್ಟೆ ಇಟ್ಟು, ಮುಚ್ಚಿ, ಅದೇ ರಾತ್ರಿ ಕಡಲಿಗೆ ಹೋಗುತ್ತಾಳೆ. ಒಂದೂವರೆ ಎರಡು ತಿಂಗಳಾದ ಮೇಲೆ ಮರಿಗಳು ತಾವೇ ಹೊರಗೆ ಬಂದು ನೀರಿಗೆ ಓಡುತ್ತವೆ. ಏನು ತಿನ್ನಬೇಕು ಅನ್ನುವುದನ್ನು ತಾವೇ ಕಲಿಯಬೇಕು.

ಮತ್ತೆ, ಹೌದು, ಅವೂ ಪ್ಲಾಸ್ಟಿಕ್ ತಿನ್ನುತ್ತವೆ. ದೊಡ್ಡವಕ್ಕಿಂತ ಅವಕ್ಕೇ ಅಪಾಯ ಜಾಸ್ತಿ. ಮರಿಗಳು ಚೆನ್ನಾಗಿ ಈಜಲಾರವು, ಹಾಗಾಗಿ ಎರಡು ಪ್ರವಾಹ ಸೇರುವ ಕಡೆ ತೇಲುವ ಪಾಚಿಯ ರಾಶಿಯಲ್ಲಿ ಅಡಗಿಕೊಂಡು ಬೆಳೆಯುತ್ತವೆ. ಅಲ್ಲೇ ಅವಕ್ಕೆ ಊಟ, ಅಲ್ಲೇ ನೆರಳು. ಆದರೆ ನೀರು ಪಾಚಿಯನ್ನು ಎಲ್ಲಿ ತಂದು ಸೇರಿಸುತ್ತದೋ ತೇಲುವ ಪ್ಲಾಸ್ಟಿಕ್ಕನ್ನೂ ಅಲ್ಲಿಗೇ ತಂದು ಸೇರಿಸುತ್ತದೆ. 2019ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಒಂದು ಮರಿ ಸತ್ತು ಹೋಯಿತು. ನಿನ್ನ ಅಂಗೈಯಲ್ಲಿ ಹಿಡಿಯುವಷ್ಟೇ ಇತ್ತು. ಅದರ ಹೊಟ್ಟೆಯಲ್ಲಿ 104 ಪ್ಲಾಸ್ಟಿಕ್ ಚೂರು ಸಿಕ್ಕವು. ಬಾಟಲಿಯ ಲೇಬಲ್, ಬಲೂನಿನ ಚೂರು, ಅಂಥವು. ಬೇಜಾರಿನ ವಿಷಯ, ಆದರೆ ನೀನು ಕೇಳಿದ್ದರಿಂದ ಹೇಳಿದೆ. ನಿನ್ನ ಟೀಚರಿಗೂ ಹೇಳು.

ಪ್ರಶ್ನೆ: ನನ್ನ ಅಂಗಡಿಯಲ್ಲಿ ಮಾಮೂಲಿ ಕವರ್ ಬಿಟ್ಟು ಮಣ್ಣಲ್ಲಿ ಕರಗುತ್ತದೆ ಅಂತ ಬರೆದಿರುವ ಕವರ್ ತಂದಿದ್ದೇನೆ. ರೇಟು ಜಾಸ್ತಿ. ಇದು ಕಡಲಿಗೆ ಹೋದರೂ ತೊಂದರೆ ಇಲ್ಲ ಅಲ್ವಾ? (ಬಟ್ಟೆ ಅಂಗಡಿ ಮಾಲೀಕರು, ದಾವಣಗೆರೆ)

ನಿಮ್ಮ ಉದ್ದೇಶ ಒಳ್ಳೆಯದು, ಅದಕ್ಕೆ ದುಡ್ಡೂ ಹಾಕಿದ್ದೀರಿ. ಆದರೆ ಇದ್ದದ್ದನ್ನು ಇದ್ದಂತೆ ಹೇಳಬೇಕು. ಕಡಲಾಮೆಗೆ ಅದರಿಂದ ಹೆಚ್ಚು ಅನುಕೂಲವಿಲ್ಲ.

ಸತ್ತ ಹಸಿರು ಕಡಲಾಮೆ ಮತ್ತು ಲಾಗರ್‌ಹೆಡ್‌ನ ಹೊಟ್ಟೆ, ಕರುಳಿನ ರಸ ತೆಗೆದು, ಅದರಲ್ಲಿ ಅಂಗಡಿಯ ಚೀಲಗಳ ತುಂಡು ನೆನೆಸಿಟ್ಟು ನೋಡಿದ ಒಂದು ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಮಾಮೂಲಿ ಚೀಲ ಇತ್ತು, ಕರಗುತ್ತದೆ ಎನ್ನುವ ಚೀಲಗಳೂ ಇದ್ದವು. ಕಂಪನಿಯ ಮಾತಿನ ಪ್ರಕಾರ 49 ದಿನದಲ್ಲಿ ಪೂರ್ತಿ ಕರಗಬೇಕಾಗಿದ್ದ ಜೈವಿಕ ಚೀಲ, ಆಮೆಯ ರಸದಲ್ಲಿ ಕಳೆದುಕೊಂಡ ತೂಕ ಬರೀ ಶೇ. 3ರಿಂದ 9. ಮಾಮೂಲಿ ಚೀಲಕ್ಕೆ ಏನೂ ಆಗಲಿಲ್ಲ.

ಇದರಲ್ಲಿ ಆಶ್ಚರ್ಯವಿಲ್ಲ. ಇಂಥ ಚೀಲಗಳು ಕರಗುವುದಕ್ಕೆ ದೊಡ್ಡ ಗೊಬ್ಬರದ ಘಟಕದ ಬಿಸಿ, ಅಲ್ಲಿನ ತೇವ, ಅಲ್ಲಿನ ಸೂಕ್ಷ್ಮ ಜೀವಿಗಳು ಬೇಕು. ಕಡಲು ತಣ್ಣಗಿರುತ್ತದೆ, ಆಮೆಯ ಹೊಟ್ಟೆಯೂ ಅಷ್ಟೇ. ನೀರಲ್ಲಿ ತೇಲುವ ದಿನಗಳಲ್ಲಿ ಈ ಚೀಲವೂ ತೆಳ್ಳಗೆ, ಮೆತ್ತಗೆ ಇರುತ್ತದೆ, ಇದರ ಮೇಲೂ ಪಾಚಿ ಹತ್ತುತ್ತದೆ. ಗ್ರಾಹಕರು ಇದು ಕರಗುವ ಕವರ್ ತಾನೇ ಅಂತ ಧೈರ್ಯವಾಗಿ ಬಿಸಾಡಿದರೆ ಇನ್ನೂ ಕಷ್ಟ. ಬಟ್ಟೆ ಅಂಗಡಿಯವರೇ ಆಗಿದ್ದೀರಿ, ಕಟ್‌ಪೀಸ್‌ನಲ್ಲಿ ಕೈಚೀಲ ಹೊಲಿಸಿ ಸ್ವಲ್ಪ ದುಡ್ಡು ಇಟ್ಟು ಕೊಡಿ. ದುಡ್ಡು ಕೊಟ್ಟು ತೆಗೆದುಕೊಂಡದ್ದನ್ನು ಜನ ಅಷ್ಟು ಸುಲಭವಾಗಿ ಎಸೆಯುವುದಿಲ್ಲ.

ಪ್ರಶ್ನೆ: ಪ್ಲಾಸ್ಟಿಕ್ ಸ್ಟ್ರಾ ಬದಲು ಪೇಪರ್ ಸ್ಟ್ರಾ ಬಂದಿದೆಯಲ್ಲ, ಈಗ ಪರವಾಗಿಲ್ಲವಾ? (ಓದುಗರು, ಹಾಸನ)

ಕೋಸ್ಟಾರಿಕಾದ ಕಡಲಲ್ಲಿ 2015ರಲ್ಲಿ ಸಂಶೋಧಕರು ಒಂದು ಆಲಿವ್ ರಿಡ್ಲೆಯ ಮೂಗಿನಿಂದ ಸ್ಟ್ರಾ ಎಳೆದು ತೆಗೆಯುವ ವಿಡಿಯೋ ಪ್ರಪಂಚವೆಲ್ಲ ಓಡಾಡಿತು. ರಕ್ತ ಸೋರುತ್ತಿತ್ತು, ನೋಡಲು ಆಗುತ್ತಿರಲಿಲ್ಲ. ಸ್ಟ್ರಾ ನಿಷೇಧಕ್ಕೆ ದೊಡ್ಡ ಒತ್ತಾಸೆ ಬಂದದ್ದು ಅದರಿಂದಲೇ. ನಮ್ಮ ದೇಶದಲ್ಲೂ 2022ರ ಜುಲೈ 1ರಿಂದ ಸ್ಟ್ರಾ, ಚಮಚ, ತಟ್ಟೆ ಮುಂತಾದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೆ ನಿಷೇಧ ಇದೆ. ಒಳ್ಳೆಯದೇ ಆಯಿತು. ಆದರೆ ಕಡಲು ಸೇರುವ ಪ್ಲಾಸ್ಟಿಕ್‌ನಲ್ಲಿ ಸ್ಟ್ರಾ ಬಹಳ ಸಣ್ಣ ಪಾಲು. ಕವರು, ಪೊಟ್ಟಣ, ಹಗ್ಗ, ಬಲೆ, ಇವೇ ದೊಡ್ಡವು.

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಇರುವವರು. ಕಡಲು ನೋಡುವುದೇ ವರ್ಷಕ್ಕೊಮ್ಮೆ, ಅಲ್ಲಿ ಕಸ ಹಾಕುವುದೂ ಇಲ್ಲ. ನಮ್ಮ ಮನೆಯ ಕಸ ಅಲ್ಲಿಗೆ ಹೋಗುತ್ತದೆ ಅನ್ನುವುದು ಉತ್ಪ್ರೇಕ್ಷೆ ಅನ್ನಿಸುತ್ತದೆ. (ಗೃಹಿಣಿ, ಬೆಂಗಳೂರು)

ಪೂರ್ತಿ ಉತ್ಪ್ರೇಕ್ಷೆ ಅಲ್ಲ ಮೇಡಂ, ಪೂರ್ತಿ ನಿಜವೂ ಅಲ್ಲ. ಬೆಂಗಳೂರಿನ ರಾಜಕಾಲುವೆಗೆ ಬಿದ್ದದ್ದು ವೃಷಭಾವತಿಗೆ ಹೋಗುತ್ತದೆ, ಅಲ್ಲಿಂದ ಅರ್ಕಾವತಿ, ಅಲ್ಲಿಂದ ಸಂಗಮದಲ್ಲಿ ಕಾವೇರಿ, ಕೊನೆಗೆ ಬಂಗಾಳ ಕೊಲ್ಲಿ. ಊರಿನ ಇನ್ನೊಂದು ಮಗ್ಗುಲಿನ ನೀರು ದಕ್ಷಿಣ ಪಿನಾಕಿನಿ ಹಿಡಿದು ಕಡಲೂರಿನ ಹತ್ತಿರ ಅದೇ ಕಡಲು ಸೇರುತ್ತದೆ. ತಮಿಳುನಾಡಿನ ಆ ಕರಾವಳಿಯಲ್ಲೂ ಆಲಿವ್ ರಿಡ್ಲೆ ಮೊಟ್ಟೆ ಇಡುತ್ತದೆ. ಆದರೆ ನಡುವೆ ಕೆರೆ ಇವೆ, ಅಣೆಕಟ್ಟು ಇವೆ, ಹೂಳು ಇದೆ. ಬೆಂಗಳೂರಿನಿಂದ ಹೊರಟ ಪ್ಲಾಸ್ಟಿಕ್‌ನಲ್ಲಿ ಬಹುಪಾಲು ದಾರಿಯಲ್ಲೇ ಸಿಕ್ಕಿಕೊಂಡು, ಅಲ್ಲಿನ ಮೀನಿಗೋ ಗದ್ದೆಗೋ ತೊಂದರೆ ಕೊಡುತ್ತಾ ಕೂತಿರುತ್ತದೆ.

ಕಡಲಿಗೆ ನೇರ ದಾರಿ ಇರುವುದು ಕರಾವಳಿಯ ಸಣ್ಣ ನದಿಗಳಿಗೆ. ಯಾವ ನದಿಗಳು ಕಡಲಿಗೆ ಪ್ಲಾಸ್ಟಿಕ್ ಸುರಿಯುತ್ತವೆ ಅಂತ 2021ರಲ್ಲಿ ಒಂದು ಜಾಗತಿಕ ಲೆಕ್ಕಾಚಾರ ಬಂತು. ಹಿಂದೆಲ್ಲ ಹತ್ತಾರು ಮಹಾನದಿಗಳೇ ಎಲ್ಲದಕ್ಕೂ ಕಾರಣ ಅಂದುಕೊಂಡಿದ್ದರು. ಹೊಸ ಲೆಕ್ಕದಲ್ಲಿ, ನದಿಗಳು ಒಯ್ಯುವುದರಲ್ಲಿ ಶೇ. 80ರಷ್ಟನ್ನು ಸಾವಿರಕ್ಕೂ ಜಾಸ್ತಿ ನದಿಗಳು ಹಂಚಿಕೊಂಡಿವೆ, ಮತ್ತು ಅವುಗಳಲ್ಲಿ ಕಡಲ ಪಕ್ಕದ ಪೇಟೆಗಳ ನಡುವೆ ಹರಿಯುವ ಚಿಕ್ಕ ಹೊಳೆಗಳ ಪಾಲು ದೊಡ್ಡದು ಅಂತ ಗೊತ್ತಾಯಿತು. ಇದನ್ನು ಓದಿದಾಗ ನನಗೆ ನಮ್ಮ ಕರಾವಳಿಯೇ ಕಣ್ಣಮುಂದೆ ಬಂತು. ಘಟ್ಟದಿಂದ ಕಡಲಿಗೆ ಹೆಚ್ಚೆಂದರೆ ನೂರು ಕಿಲೋಮೀಟರಿನ ಆಸುಪಾಸು, ಇಳಿಜಾರು, ಜೂನ್ ಬಂದರೆ ಜಡಿಮಳೆ. ನೇತ್ರಾವತಿ, ಫಲ್ಗುಣಿ ಎರಡೂ ಮಂಗಳೂರನ್ನು ಬಳಸಿಕೊಂಡೇ ಕಡಲು ಸೇರುತ್ತವೆ. ಬೇಸಿಗೆಯಿಡೀ ಚರಂಡಿಯಲ್ಲಿ, ತೋಡಿನಲ್ಲಿ, ರಸ್ತೆ ಬದಿಯಲ್ಲಿ ಕೂತಿದ್ದ ಕಸವನ್ನು ಮೊದಲ ಮಳೆ ಎತ್ತಿಕೊಂಡು ಹೋಗುತ್ತದೆ. ಅದೇ ಮಳೆಗಾಲದಲ್ಲಿ ಕಡಲು ಉಕ್ಕಿದಾಗ ಅದರಲ್ಲಿ ಒಂದಷ್ಟನ್ನು ದಡಕ್ಕೆ ವಾಪಸ್ ತಂದು ಹಾಕುತ್ತದೆ, ಜುಲೈನಲ್ಲಿ ಯಾವ ಬೀಚಿಗೆ ಹೋದರೂ ಕಾಣುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಇದು: ಬೀಚ್ ಸ್ವಚ್ಛತೆಗೆ ಕೊಡುವ ಮುತುವರ್ಜಿಯಲ್ಲಿ ಅರ್ಧವನ್ನಾದರೂ ಮೇ ತಿಂಗಳಲ್ಲಿ ತೋಡು, ಚರಂಡಿಗಳಿಗೆ ಕೊಡಬೇಕು. ಕಡಲಿಗೆ ಹೋದ ಮೇಲೆ ಹೆಕ್ಕುವುದು ಬಹಳ ಕಷ್ಟ, ಮೋರಿಯ ಬಾಯಲ್ಲಿ ಒಂದು ಜಾಲರಿ ಹಾಕಿ ತಡೆಯುವುದು ಅಷ್ಟು ಕಷ್ಟ ಅಲ್ಲ. ಕರಾವಳಿಯ ಪಂಚಾಯಿತಿ ಸದಸ್ಯರು ಯಾರಾದರೂ ಇದನ್ನು ಓದುತ್ತಿದ್ದರೆ ಗ್ರಾಮಸಭೆಯಲ್ಲಿ ಎತ್ತಿ. ನೀವು, ಮೇಡಂ, ಕರಾವಳಿಗೆ ಪ್ರವಾಸ ಹೋಗುವವರೂ ಹೌದಲ್ಲ. ತಂದ ಪೊಟ್ಟಣಗಳನ್ನು ವಾಪಸ್ ಬೆಂಗಳೂರಿಗೇ ಒಯ್ಯಿರಿ. ಬೀಚಿನ ಕಸದ ಬುಟ್ಟಿ ತುಂಬಿ ತುಳುಕುತ್ತಿದ್ದರೆ ಅದರ ಪಕ್ಕ ಇಟ್ಟು ಬಂದದ್ದು ಕಡಲಿಗೆ ಹಾಕಿದ ಹಾಗೆಯೇ, ಗಾಳಿಗೆ ಎಷ್ಟು ಹೊತ್ತು ಬೇಕು?

ಪ್ರಶ್ನೆ: ಆಮೆ ಸತ್ತರೆ ಎಲ್ಲರೂ ಮೀನುಗಾರರನ್ನೇ ಬೈಯುತ್ತಾರೆ. ಪ್ಲಾಸ್ಟಿಕ್ ಊರಿನವರದ್ದು, ಬೈಗುಳ ನಮಗೆ. ಬಲೆಯಲ್ಲಿ ಮೀನಿಗಿಂತ ಕಸ ಬರುವ ದಿನಗಳೂ ಇವೆ. ನಾವೇನು ಮಾಡಬೇಕು? (ಮೀನುಗಾರರು, ಮಲ್ಪೆ)

ನಿಮ್ಮ ಸಿಟ್ಟಿಗೆ ಕಾರಣ ಇದೆ. ಕಸದ ನಡುವಿನಿಂದ ಮೀನು ಹೆಕ್ಕುವ ಕೆಲಸ, ಹರಿದ ಬಲೆ, ಕಸ ಸುತ್ತಿಕೊಂಡು ನಿಂತ ಪ್ರೊಪೆಲ್ಲರ್, ಇವೆಲ್ಲದರ ನಷ್ಟ ನಿಮ್ಮ ತಲೆಗೇ ಬೀಳುತ್ತದೆ.

ಆದರೂ ಬಲೆಯ ವಿಷಯ ಮುಚ್ಚಿಟ್ಟು ಉತ್ತರ ಬರೆದರೆ ನಿಮಗೂ ಸರಿ ಅನ್ನಿಸುವುದಿಲ್ಲ. ಕಡಲಾಮೆಗಳಿಗೆ ಇವತ್ತಿಗೂ ದೊಡ್ಡ ಅಪಾಯ ಬಲೆಗೆ ಆಕಸ್ಮಿಕವಾಗಿ ಬೀಳುವುದು. ಅದು ಉಸಿರಿಗೆ ಮೇಲೆ ಬರಲೇಬೇಕಾದ ಪ್ರಾಣಿ, ದೋಣಿ ನೀರೊಳಗೆ ಎಳೆದುಕೊಂಡು ಹೋಗುವ ಟ್ರಾಲ್ ಬಲೆಯೊಳಗೆ ಹೆಚ್ಚು ಹೊತ್ತು ಸಿಕ್ಕಿಕೊಂಡರೆ ಮುಳುಗಿ ಸಾಯುತ್ತದೆ. ಅದಕ್ಕೆಂದೇ ಬಲೆಯಲ್ಲಿ ಆಮೆಗೆ ಹೊರಹೋಗಲು ಕಿಂಡಿ ಇರುವ ಸಾಧನ ಬಂದಿದೆ. ಟೆಡ್ ಅನ್ನುತ್ತಾರೆ. ಇನ್ನೊಂದು, ಕಡಲಲ್ಲಿ ಕಳೆದುಹೋದ, ಬಿಸಾಡಿದ ಬಲೆ. ಈಗಿನ ಬಲೆ ನೈಲಾನಿನದ್ದು, ಅದೂ ಪ್ಲಾಸ್ಟಿಕ್ಕೇ. ಹಿಡಿಯುವವರಿಲ್ಲದಿದ್ದರೂ ಅದು ಹಿಡಿಯುತ್ತಲೇ ಇರುತ್ತದೆ. ಮಾಲ್ಡೀವ್ಸ್‌ನಲ್ಲಿ ತೇಲಿ ಬರುವ ಇಂಥ ಬಲೆಗಳಲ್ಲಿ ಸಿಕ್ಕಿಕೊಂಡು, ಕೈ ತುಂಡಾಗಿ ಬರುವ ಆಮೆಗಳಲ್ಲಿ ಹೆಚ್ಚಿನವು ಆಲಿವ್ ರಿಡ್ಲೆ. ಅದನ್ನು ನೋಡಿಯೇ 2013ರಲ್ಲಿ ಅಲ್ಲಿ ಆಲಿವ್ ರಿಡ್ಲೆ ಪ್ರಾಜೆಕ್ಟ್ ಅಂತ ಒಂದು ಸಂಸ್ಥೆ ಹುಟ್ಟಿಕೊಂಡಿತು. ಆ ಬಲೆಗಳಲ್ಲಿ ಬಹಳಷ್ಟು ಹೊರಗಿನ ಕಡಲಿನಿಂದ ಬಂದವು, ಮಾಲ್ಡೀವ್ಸ್‌ನವರು ಟ್ಯೂನಾ ಹಿಡಿಯುವುದು ಹೆಚ್ಚಾಗಿ ಗಾಳದಲ್ಲಿ.

ಏನು ಮಾಡಬಹುದು ಅನ್ನುವುದಕ್ಕೆ ಪಕ್ಕದ ಕೇರಳದಲ್ಲೇ ಉದಾಹರಣೆ ಇದೆ. ಕೊಲ್ಲಂ ಜಿಲ್ಲೆಯ ನೀಂಡಕರ, ಶಕ್ತಿಕುಳಂಗರ ಬಂದರುಗಳಲ್ಲಿ 2017ರಿಂದ ಶುಚಿತ್ವ ಸಾಗರಂ ಅನ್ನುವ ಯೋಜನೆ ನಡೆಯಿತು. ಬಲೆಗೆ ಬಂದ ಪ್ಲಾಸ್ಟಿಕ್ಕನ್ನು ಮೀನುಗಾರರು ಕಡಲಿಗೆ ವಾಪಸ್ ಎಸೆಯುವ ಬದಲು ದಡಕ್ಕೆ ತಂದರು. ತರಲು ಚೀಲ ಕೊಟ್ಟರು, ದಡದಲ್ಲಿ ಅದನ್ನು ತೊಳೆದು ಬೇರ್ಪಡಿಸಲು ಮಹಿಳೆಯರಿಗೆ ಕೆಲಸ ಕೊಟ್ಟರು, ಪುಡಿ ಮಾಡಿ ರಸ್ತೆ ಡಾಂಬರಿಗೆ ಸೇರಿಸಿದರು. ಇಲ್ಲಿ ಗಮನಿಸಬೇಕಾದದ್ದು, ಮೀನುಗಾರರ ಒಳ್ಳೆತನದ ಮೇಲೆ ಮಾತ್ರ ಹೊರೆ ಹೊರಿಸಲಿಲ್ಲ. ದಡದಲ್ಲಿ ತೆಗೆದುಕೊಳ್ಳುವವರು ಇದ್ದರು. ತಂದ ಕಸಕ್ಕೆ ಬಂದರಿನಲ್ಲಿ ಜಾಗವೇ ಇಲ್ಲದಿದ್ದರೆ ಯಾರು ತಾನೇ ತರುತ್ತಾರೆ? ಹರಿದ ಬಲೆಗೂ ಅಷ್ಟೇ, ಬಂದರಿನಲ್ಲೇ ಒಂದು ಜಾಗ, ತೂಕಕ್ಕೆ ಇಷ್ಟು ಅಂತ ದುಡ್ಡು ಇರಬೇಕು. ಮಲ್ಪೆ, ಮಂಗಳೂರು, ತದಡಿಯ ನಿಮ್ಮ ಸಂಘಗಳು ಇದನ್ನು ಹಕ್ಕಿನಿಂದ ಕೇಳಬೇಕು, ಮತ್ತು ಕೇಳುವಾಗ ನಾವು ಓದುಗರೆಲ್ಲ ನಿಮ್ಮ ಜೊತೆ ನಿಲ್ಲಬೇಕು.

ಪ್ರಶ್ನೆ: ನಮ್ಮೂರ ದಡದಲ್ಲಿ ಒಂದು ದೊಡ್ಡ ಆಮೆ ಬಂದು ಬಿದ್ದಿತ್ತು. ಬಾಯಿಂದ ನೈಲಾನ್ ದಾರ ನೇತಾಡುತ್ತಿತ್ತು. ಹುಡುಗರು ದಾರ ಎಳೆದು, ಆಮೆಯನ್ನು ಎತ್ತಿ ಕಡಲಿಗೆ ಬಿಟ್ಟರು. ಮಾರನೇ ದಿನ ಮತ್ತೆ ಅಲ್ಲೇ ಬಂದು ಸತ್ತಿತ್ತು. ಸರಿಯಾಗಿ ಮಾಡಬೇಕಾದದ್ದು ಏನು? (ಓದುಗರು, ಕುಮಟಾ ತಾಲ್ಲೂಕು)

ಹುಡುಗರ ಮನಸ್ಸು ಒಳ್ಳೆಯದು, ಅವರನ್ನು ಬೈಯಬೇಡಿ. ಆ ಆಮೆ ಬದುಕುತ್ತಿತ್ತೋ ಇಲ್ಲವೋ ಹೇಳಲು ಆಗದು. ಮುಂದಿನ ಸಲಕ್ಕೆ ಇಷ್ಟು ನೆನಪಿರಲಿ.

ದಾರವನ್ನು ಎಳೆಯಲೇಬಾರದು, ಬಾಯಿಂದ ಬಂದಿರಲಿ, ಹಿಂದಿನಿಂದ ಬಂದಿರಲಿ. ಇನ್ನೊಂದು ತುದಿ ಕರುಳಿನಲ್ಲಿ ಎಲ್ಲೋ ಸಿಕ್ಕಿಕೊಂಡಿರುತ್ತದೆ, ಗಾಳವೂ ಇರಬಹುದು. ಎಳೆದರೆ ಒಳಗೆ ಕತ್ತರಿಸುತ್ತದೆ. ಮೈಗೆ ಹೊರಗಿನಿಂದ ಸುತ್ತಿಕೊಂಡ ಬಲೆಯಾದರೆ ಜೋಪಾನವಾಗಿ ಕತ್ತರಿಸಬಹುದು, ಒಳಗೆ ಹೋದದ್ದನ್ನು ವೈದ್ಯರೇ ನೋಡಬೇಕು.

ಹಗಲಲ್ಲಿ ದಡದಲ್ಲಿ ಸುಮ್ನೆ ಬಿದ್ದಿರುವ, ಇಲ್ಲವೇ ಮುಳುಗಲಾರದೆ ತೇಲುತ್ತಿರುವ ಕಡಲಾಮೆ ಕಾಯಿಲೆಯದ್ದು ಅಂತಲೇ ತಿಳಿಯಿರಿ. ಅದನ್ನು ಕಡಲಿಗೆ ತಳ್ಳಬೇಡಿ. ಈಜಲು ಶಕ್ತಿ ಇಲ್ಲದ್ದಕ್ಕೇ ಅದು ದಡಕ್ಕೆ ಬಂದಿರುವುದು. ರಾತ್ರಿ ಮೊಟ್ಟೆ ಇಡಲು ಬಂದದ್ದಾದರೆ ಬೇರೆ ಮಾತು. ಆಗ ಟಾರ್ಚು, ಮೊಬೈಲು ಆರಿಸಿ ದೂರ ನಿಲ್ಲಿ, ತನ್ನ ಕೆಲಸ ಮುಗಿಸಿ ಅದೇ ಹೋಗುತ್ತದೆ.

ಕಾಯಿಲೆಯದ್ದನ್ನು ನೆರಳಿಗೆ ತನ್ನಿ. ಕೈಕಾಲು ಹಿಡಿದು ಎಳೆಯಬೇಡಿ, ಚಿಪ್ಪಿನ ಎರಡೂ ಬದಿ ಹಿಡಿದು ಎತ್ತಿ. ಬೆನ್ನು ಮೇಲೆ ಇರಬೇಕು, ಮಗುಚಬಾರದು. ಒದ್ದೆ ಬಟ್ಟೆ ಹೊದಿಸಿ, ಮೂಗು ಬಿಟ್ಟು. ಬಾಯಿಗೆ ನೀರು, ಮೀನು ಏನೂ ಹಾಕಬೇಡಿ. ನಾಯಿಗಳನ್ನು, ಸೆಲ್ಫಿಗೆ ಬರುವವರನ್ನು ದೂರ ಇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಅಥವಾ ಹತ್ತಿರದ ವಲಯ ಅರಣ್ಯಾಧಿಕಾರಿಗೆ ತಿಳಿಸಿ.

ಬಲೆಯಿಂದ ಬಂದ ಆಮೆ ಅಲುಗಾಡದಿದ್ದರೂ ಸತ್ತಿದೆ ಅಂತ ತಕ್ಷಣ ಕಡಲಿಗೆ ಎಸೆಯಬೇಡಿ. ನೀರು ಕುಡಿದು ಪ್ರಜ್ಞೆ ತಪ್ಪಿರಬಹುದು. ಹೊಟ್ಟೆ ಕೆಳಗೆ ಮಾಡಿ, ಹಿಂಭಾಗ ಸ್ವಲ್ಪ ಎತ್ತರಕ್ಕೆ ಬರುವಂತೆ ಏನಾದರೂ ಕೊಟ್ಟು, ನೆರಳಲ್ಲಿ ತೇವವಾಗಿ ಇಡಿ. ಕೆಲವು ಗಂಟೆ ಕಳೆದು ಚೇತರಿಸಿಕೊಳ್ಳುತ್ತವೆ, ಕೆಲವೊಮ್ಮೆ ಒಂದು ದಿನವೂ ಬೇಕಾಗುತ್ತದೆ.

ಸತ್ತದ್ದೇ ಆದರೂ ಹೂಳುವ ಮೊದಲು ಇಲಾಖೆಗೆ ಹೇಳಿ. ಕಡಲಾಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಗೆ ಇರುವಷ್ಟೇ ರಕ್ಷಣೆ. ಕಾನೂನಿನ ಮಾತು ಬಿಟ್ಟರೂ, ಹೊಟ್ಟೆ ಕೊಯ್ದು ನೋಡಿದರೆ ತಾನೇ ಏನು ನುಂಗಿತ್ತು ಅಂತ ಗೊತ್ತಾಗುವುದು? ಮೇಲೆ ಹೇಳಿದ ಲೆಕ್ಕಗಳಲ್ಲಿ ಹಲವು ಕ್ವೀನ್ಸ್‌ಲ್ಯಾಂಡ್‌ನದ್ದು, ಸೈಪ್ರಸ್‌ನದ್ದು, ಫ್ಲಾರಿಡಾದ್ದು. ಅಲ್ಲಿನ ಜನ ದಡಕ್ಕೆ ಬಂದ ಪ್ರತಿಯೊಂದು ಆಮೆಯ ಸುದ್ದಿ ಕೊಟ್ಟದ್ದರಿಂದ ಆ ಲೆಕ್ಕ ಆಯಿತು. ನಿಮ್ಮೂರ ಆಮೆ ಏನು ತಿಂದು ಸತ್ತಿತು ಅನ್ನುವುದೂ ಹಾಗೆಯೇ ದಾಖಲಾಗಬೇಕು. ಸಿಕ್ಕ ಜಾಗ, ದಿನ, ಚಿಪ್ಪಿನ ಉದ್ದ ಬರೆದಿಡಿ, ಪಕ್ಕದಲ್ಲಿ ಒಂದು ಸ್ಕೇಲೋ ಚಪ್ಪಲಿಯೋ ಇಟ್ಟು ಫೋಟೋ ತೆಗೆದು ಇಲಾಖೆಯವರಿಗೆ ಕೊಡಿ.